ವಾಷರ್

ಇಬ್ರಿ ಬಿಟ್ಟು ಪಡುವಣಕ್ಕೆ ಅರ್ಧ ಹಗಲು,
ಕೊನೆಯ ಅರವತ್ತು ಕಿಲೋಮೀಟರಿಗೆ ದಾರಿಯೆಂಬುದಿಲ್ಲ,
ನನ್ನದೇ ಟೈರಿನ ನಿನ್ನೆಯ ಗುರುತು.
ಟ್ಯಾಂಕರಿಗೆ ಎರಡು ನಲ್ಲಿ:
ಎಡದ್ದು ಚೌಕಿಯ ಸಿಪಾಯಿಗಳಿಗೆ,
ಬಲದ್ದು ಕತ್ತಿಗೊಂಬಿನ ಬಿಳಿ ಓರಿಕ್ಸುಗಳ ತೊಟ್ಟಿಗೆ.
ಎರಡು ಪುಸ್ತಕ, ಎರಡು ಸಹಿ, ನೀರು ಒಂದೇ.

ಮೊದಲ ದಿನ ಚೌಕಿಯವರು ನನ್ನ ಗುಂಗುರು ಕೂದಲು ನೋಡಿ
ಸ್ವಾಹಿಲಿಯಲ್ಲಿ ಕ್ಷೇಮ ಕೇಳಿದರು.
ಯಲ್ಲಾಪುರದ ಸಿದ್ದಿ, ಹೆಸರು ಬಸ್ತ್ಯಾಂವ್, ಎಂದೆ.
ಪಾಸ್‌ಪೋರ್ಟು ಮೂರು ಸಲ ತಿರುವಿ ಹಾಕಿದರು.
ನಮ್ಮವರನ್ನು ಹಡಗಿನ ಹೊಟ್ಟೆಯಲ್ಲಿ ಈ ಸಮುದ್ರ ದಾಟಿಸಿದಾಗ
ಯಾರೂ ಮುದ್ರೆ ಒತ್ತಿರಲಿಲ್ಲ.

ಈ ವರ್ಷದ ಜಗಳ ನಕಾಶೆಯ ಮೇಲೆ.
ಡೇರೆಯೊಳಗೆ ಮೇಜು, ನಾಲ್ಕು ಮೂಲೆಗೆ ನಾಲ್ಕು ಖರ್ಜೂರದ ಡಬ್ಬಿ,
ಗಾಳಿಗೆ ದೇಶ ಹಾರಬಾರದೆಂದು.
ಶಮ್ಸಾ ಮೇಡಂ ಹಸಿರು ಪೆನ್ಸಿಲಿನಲ್ಲಿ ಸುತ್ತು ಹಾಕಿದರು:
"ಇದು ಕಾಪಿಟ್ಟ ನೆಲ. ರಸ್ತೆ ಬೇಡ, ದೀಪ ಬೇಡ.
ಈ ಗರಸಿನ ಮೇಲೆ ಒಂದು ಜೀಪು ಹೋದರೂ
ಗಾಯ ಮಾಯಲು ಒಂದು ಆಯುಷ್ಯ ಬೇಕು."
ಕ್ಯಾಪ್ಟನ್ ಘಸ್ಸಾನ್ ಕೆಂಪು ಪೆನ್ಸಿಲು ಚೂಪು ಮಾಡುತ್ತ:
"ಆ ಕಡೆಯಿಂದ ಬರುವವನು ನಿಮ್ಮ ಹಸಿರನ್ನು ಓದುತ್ತಾನೆಯೇ?
ಗುಳಿಗೆ ತುಂಬಿದ ಎರಡು ಗಾಡಿ
ನಿಮ್ಮ ಮೌನದೊಳಗಿಂದಲೇ ಹಾದುಹೋದವು.
ನನ್ನ ಹುಡುಗನೊಬ್ಬ ಬೆಳಗಿನ ತನಕ ರಕ್ತ ಸೋರುತ್ತ ಮಲಗಿದ್ದ.
ರಸ್ತೆ ಇರಲಿಲ್ಲ."
ಮೇಡಂ ಸುಮ್ಮನಾದರು. ಸೋತು ಅಲ್ಲ.

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.
ಚಹಾ ಸುರಿಯುತ್ತಿದ್ದ ನನಗೆ ಕಷ್ಟವಾದದ್ದು ಅದೇ.

ನಮ್ಮ ಕೇರಿಯ ಹಿಂದೆಯೂ ಒಂದು ಕಲ್ಲು ನೆಟ್ಟಿದ್ದರು,
ಅರಣ್ಯ ಇಲಾಖೆ, ಸಂಖ್ಯೆ ನಲವತ್ತೊಂದು.
ಅಜ್ಜಿ ಅದರ ಮೇಲೆ ಕುಡುಗೋಲು ಮಸೆಯುತ್ತಿದ್ದಳು.
ಕಲ್ಲಿನಾಚೆ ಜೇನು ಬಿಡಿಸಿದ್ದಕ್ಕೆ ಅಪ್ಪ ಹನ್ನೊಂದು ದಿನ ಒಳಗಿದ್ದ.
ಹುಲಿಗೋಸ್ಕರ ಎಂದರು.
ಹುಲಿಯ ಮೇಲೆ ನಮಗೆ ಸಿಟ್ಟಿರಲಿಲ್ಲ;
ಅದರ ಸಹಿಯನ್ನೂ ಯಾರೂ ಕೇಳಿರಲಿಲ್ಲ.

ಕೊನೆಗೆ ಮುದುಕ ಮುಸಲ್ಲಮ್‌ನನ್ನು ಕರೆದರು.
ಅವನು ನಕಾಶೆಯನ್ನು ತಿರುಗಿಸಿ ತನ್ನ ದಿಕ್ಕಿಗೆ ಇಟ್ಟುಕೊಂಡ,
ಉಗುರು ಊರಿದ:
"ತಂಗಿಯನ್ನು ಮಣ್ಣು ಮಾಡಿದ್ದು ಇಲ್ಲಿ.
ಇದು ಹಸಿರಿನೊಳಗೋ, ಕೆಂಪಿನೊಳಗೋ?"
ಗೆರೆ ಅವನ ಉಗುರಿನ ಅಡಿಯಲ್ಲೇ ಹೋಗುತ್ತಿತ್ತು.
ವರದಿಯಲ್ಲಿ ಬರೆದುಕೊಂಡರು:
ಸ್ಥಳೀಯರ ಅಭಿಪ್ರಾಯ ಆಲಿಸಲಾಯಿತು.

ಬೇಲಿ ಅರ್ಧ ಬಂದು ನಿಂತಿದೆ. ಮಾತು ನಿಂತಿಲ್ಲ.
ತೊಟ್ಟಿಯ ಪೈಪು ಸೋರುತ್ತದೆ,
ಇಳಿಜಾರು ಆ ಕಡೆಗಿದೆ, ನನ್ನ ತಪ್ಪಲ್ಲ.
ತಂತಿಯಡಿ ನುಸುಳಿದ ನೀರಿಗೆ ಅಂಗೈಯಗಲ ಹಸಿ,
ಬೆರಳುದ್ದ ಹುಲ್ಲು.
ಬೆಳಗ್ಗೆ ನೋಡಿದರೆ ಆಚೆ ಗೊರಸಿನ ಗುರುತು, ಪುಟ್ಟದು, ಕರುವಿನದು.
ಅದರ ಪಕ್ಕ ಬರಿಗಾಲಿನದೊಂದು.
ಯಾರದೋ. ನೀರು ಕುಡಿದವನದು ಎಂದಷ್ಟೇ ಗೊತ್ತು;
ಅಷ್ಟು ಬರೆಯಲು ಎರಡು ಪುಸ್ತಕದಲ್ಲೂ ಕಾಲಂ ಇಲ್ಲ.

ಭದ್ರತೆಯವರು ಬರೆದರು: ಸೋರಿಕೆ ನಿಲ್ಲಿಸಿ, ಆಚೆಯವರಿಗೆ ಗುರುತಾಗುತ್ತದೆ.
ಪರಿಸರದವರು ಬರೆದರು: ಸೋರಿಕೆ ನಿಲ್ಲಿಸಿ, ಅದು ಇಲ್ಲಿಯ ಹುಲ್ಲಲ್ಲ.
ಮೊದಲ ಸಲ
ಎರಡು ಸಹಿ ಒಂದೇ ಕಾಗದದಲ್ಲಿ.

ಸ್ಪ್ಯಾನರ್ ಸೀಟಿನಡಿ ಇದೆ.
ವಾಷರ್ ಮಸ್ಕತ್ತಿನಿಂದ ಬರಬೇಕು ಸಾರ್,
ಅಂಗಿಯ ಜೇಬು ಮುಟ್ಟಿ ನೋಡಿಕೊಂಡು ಹೇಳಿದೆ,
ಇನ್ನೂ ಬಂದಿಲ್ಲ.