ಬರ್ತೀನಿ

ಮೊದಲ ದಿನ ಅವಳಮ್ಮ ಕದ್ದು ಹೋದಳು,
ಇಂಚರ ಗೊಂಬೆಯತ್ತ ತಿರುಗಿದ್ದಾಗ.
ಆಮೇಲೆ ಎರಡು ದಿನ
ಗೊಂಬೆಯನ್ನು ಮುಟ್ಟಲೇ ಇಲ್ಲ ಮಗು.

ಹೇಳಿಯೇ ಹೋಗು ಮಾರಾಯ್ತಿ, ಅಂದೆ. ಅತ್ತರೆ ಅಳಲಿ.

ಇವತ್ತು ಹೇಳಿದಳು: ಬರ್ತೀನಿ.
"ಹೋಗೋದು ಹೋಗ್ತೀಯ, ಬರ್ತೀನಿ ಅಂತೀಯ, ಸುಳ್ಳು!"
ಗೇಟಿನ ಕಂಬಿಗೆ ಮೂಗು, ಕಾಡಿಗೆ, ಕೂಗು.

ಗಡಿಯಾರ ತಿಳಿಯದವಳಿಗೆ
ಮೂರು ಬೆರಳು ಮಡಚಿ ಕೊಟ್ಟೆ.
ಒಂದು ಉಪ್ಪಿಟ್ಟು, ಒಂದು ನಿದ್ದೆ,
ಕೊನೆಯದು ಜಂಬಗಾರು ಸ್ಟೇಷನ್ನಿಗೆ ತಾಳಗುಪ್ಪದ ರೈಲು.
ಉಪ್ಪಿಟ್ಟಿನದು ಬಿಚ್ಚಿದಳು. ಮಿಕ್ಕೆರಡನ್ನು ಹಿಡಿದೇ ಮಲಗಿದಳು.

ರೈಲು ಕೂಗಿತು.
ರಸ್ತೆಯಲ್ಲಿ ಒಂದು ಹಾಲಿನ ವ್ಯಾನು. ಅವಳಮ್ಮ ಇಲ್ಲ.
ನಾನು ಗೇಟಿಗೂ ಗಡಿಯಾರಕ್ಕೂ ಓಡಾಡುತ್ತಿದ್ದೆ.

ಮಗು ನನ್ನ ಸೆರಗು ಜಗ್ಗಿತು,
ಇನ್ನೊಂದು ಬೆರಳು ಮಡಚಿ ತೋರಿಸಿತು:
"ಇದು ಚಪ್ಪಲಿ ಹಾಕ್ಕೊಳೋದು, ಟೀಚರ್."
ಮೆಟ್ಟಿಲ ಮೇಲೆ ಕೂತು ಹಾಕಿಕೊಂಡಿತು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ,
ಬಹಳ ನಿಧಾನವಾಗಿ.