ಗದ್ದ ಚೂರು ಎತ್ರಿ

ಮುಚ್ಚಿದ ಹತ್ತಿಗಿರಣಿಯ ಗೋಡೆಗೊರಗಿ
ಬಾದಾಮಿ ಮರ. ಆಶ್ವೀಜದ ಬೆಳಗು.
ಮರವೆಲ್ಲ ಹಸಿರು;
ಒಂದೇ ಒಂದು ಎಲೆಯ ಅಂಚಿಗೆ
ಕೆಂಪು ಹತ್ತಿದೆ,
ಎಲೆಯಡಿಕೆ ಈಗಷ್ಟೇ ಬಾಯಿಗಿಟ್ಟ ಹಾಗೆ.

ಹಾಲೇಶಣ್ಣ ಮೂವತ್ತು ವರ್ಷ
ದಾವಣಗೆರೆಯ ಮುಖಗಳನ್ನು
ಪಾಸ್‌ಪೋರ್ಟ್ ಅಳತೆಗೆ ಕತ್ತರಿಸಿದವನು.
ಅವನ ಸ್ಟುಡಿಯೋದ ಪರದೆಯ ಮೇಲೆ
ಯಾವುದೋ ಚಳಿದೇಶದ ಕೆಂಪು ಕಾಡು.
ಗಂಡು ಗೊತ್ತಾಗಬೇಕಾದ ಹುಡುಗಿಯರೆಲ್ಲ
ಅದರ ಮುಂದೆ ನಿಂತು ಹೋದರು,
ಒಂದೆಲೆಯೂ ಉದುರಲಿಲ್ಲ.

ಈಗ ಸ್ಕೂಟರಿನ ಸೀಟು ಹತ್ತಿದ್ದಾನೆ.
ಹ್ಯಾಂಡಲ್ ಹಿಡಿದವಳು ನಾನು.
ಒಂದು ಕಣ್ಣು ಮುಚ್ಚಿ
ರೂಢಿಯಂತೆ ಅಂದ:
‘ಗದ್ದ ಚೂರು ಎತ್ರಿ. ಅಳ್ಳಾಡಬ್ಯಾಡ್ರಿ.’

ಗಾಳಿ ಬಂತು.
ಎಲೆ ಬೆನ್ನು ತಿರುವಿತು.

ಕಂಡವರಿಗೆಲ್ಲ ‘ನಾಳೆ ಬರ್ರಿ’ ಅನ್ನುವವನು
ಕೆಳಗಿಳಿದು, ಮೇಲೆ ನೋಡಿ,
‘ನಾಳೆ ಬರ್ತೀನಿ’ ಅಂದ.