ಮರಗದವಲ್ಲಿಯ ಬೆನ್ನು

ಎರಡು ವರ್ಷ ನಾನು ನೋಡಿದ್ದು ಅವಳ ಬೆನ್ನನ್ನೇ.
ಹಲಸೂರು ಕೆರೆ, ಬೆಳಗಿನ ಐದೂಮುಕ್ಕಾಲು.
ಎಡಭುಜದಲ್ಲಿ ಬೇರೆ ಬಣ್ಣದ ನೂಲು ಹಾಕಿ ತಾನೇ ಹೊಲಿದ ಹರಕು,
ಕತ್ತಿಗೆ ಬೆವರಲ್ಲಿ ಅಂಟಿದ ಎರಡೆಳೆ ಕೂದಲು.
ಅದು ಬಾಗಿದರೆ ಬಾಗು, ಜಾರಿದರೆ ಜಾರು,
ನಾವು ಮೂವರಿಗೂ ಅಷ್ಟೇ ಪಾಠ.
ದಡದ ಮೇಲೆ ಸೈಕಲ್ಲಲ್ಲಿ ಬರುತ್ತಾ ಬೆಳ್ಳಿಯಪ್ಪ ಸರ್
ಕೂಗುತ್ತಿದ್ದದ್ದು ನಮಗೆ. ಅವಳಿಗಲ್ಲ.

ಆ ಮಂಗಳವಾರ ಅವಳಿಗೆ ಜ್ವರ.
"ನೀನು ಕೂರು ಅಲ್ಲಿ" ಅಂದರು.
ನನ್ನ ಜಾಗಕ್ಕೆ ಯಾರೋ ಹೊಸ ಹುಡುಗಿ.

ಕೂತೆ. ಎದುರಿಗೆ ಬೆನ್ನಿಲ್ಲ.
ಬಿಟ್ಟು ಬಂದ ನೀರು, ಒಂದು ಹಾಲಿನ ಪ್ಯಾಕೆಟ್ಟು,
ಸಣ್ಣದಾಗುತ್ತಾ ಹೋಗುವ ಗುರುದ್ವಾರ.
ದಾರಿ ಹಾಕಿಕೊಡುವವಳು ಕೂರುವುದು
ಎಲ್ಲರಿಗಿಂತ ಹಿಂದೆ, ಗುರಿಗೆ ಬೆನ್ನು ಹಾಕಿ.
ಯಾರೂ ಹೇಳಿರಲಿಲ್ಲ.

ಹೆದರಿ ಬೇಗ ಬೇಗ ಎಳೆದೆ.
ಹುಟ್ಟಿಗೆ ಹುಟ್ಟು ತಾಗಿ ಟಕ್ ಅಂತು,
ದೋಣಿ ಕುಂಟಿತು, ತೊಡೆ ಮೇಲೆಲ್ಲ ನೀರು.
ನಸ್ರೀನ್ ಬೈದಳು, ಮನಸಾರೆ.

ಆಗ ನೆನಪಾಯಿತು:
ಎಳೆದು ಮುಗಿದ ಮೇಲೆ ಆ ಬೆನ್ನು
ಒಂಚೂರು ತಡೆಯುತ್ತಿತ್ತು,
ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ
ಮೂಲೆ ತಿರುಗಿಸುವಷ್ಟು ಹೊತ್ತು.
ದೋಣಿ ಓಡುತ್ತಿದ್ದದ್ದು ಆಗಲೇ,
ನಾವೇನೂ ಮಾಡದೆ ಇದ್ದಾಗ.

ತಡೆದೆ.
ಮೂರು ಉಸಿರು ಒಂದಾಗಿ ಬಂದು
ನನ್ನ ಬೆನ್ನಿಗೆ ನಿಂತವು.

ಶುಕ್ರವಾರ ಕೆಮ್ಮುತ್ತಾ ಬಂದಳು.
"ಹೇಗಿತ್ತು ಅಲ್ಲಿ?"
"ನೀರು ಕಾಣುತ್ತೆ."
ಹೂಂ ಅಂದು ತನ್ನ ಜಾಗದಲ್ಲಿ ಕೂತಳು.
ಬಲಭುಜದಲ್ಲೂ ಹೊಲಿಗೆ ಬಿಟ್ಟಿತ್ತು.
ಹೇಳಲಿಲ್ಲ.